ಮರದ ಕೆಳಗೆ ನಿಂತವಳು

ಮರ ಹತ್ತುವವರ ಹೆಂಡತಿಯರು ಸಾಮಾನ್ಯವಾಗಿ ಮೇಲೆ ನೋಡುವುದಿಲ್ಲ. ಗಂಡ ಬೆಳಿಗ್ಗೆ ಹಗ್ಗ ಹೆಗಲಿಗೇರಿಸಿಕೊಂಡು ಹೊರಟರೆ, ಅವನೂ ನಾಲ್ಕು ಜನರ ಹಾಗೆ ನೆಲದ ಮೇಲೆ ಎಲ್ಲೋ ದುಡಿಯುತ್ತಾನೆ ಎಂದುಕೊಂಡು ಪಾತ್ರೆ ತೊಳೆಯಲು ಕೂರುತ್ತಾರೆ. ಸಂಜೆ ಬಾಗಿಲಲ್ಲಿ ಬೂಟಿನ ಸದ್ದಾದಾಗ ಉಸಿರು ಬಿಡುತ್ತಾರೆ. ಅಲ್ಲಿಯವರೆಗೆ ಹಿಡಿದಿಟ್ಟುಕೊಂಡಿದ್ದೆವು ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಮದುವೆಯಾದ ಹೊಸದರಲ್ಲಿ ಇವಳೂ ಹಾಗೆಯೇ ಇದ್ದಳು. ಆಮೇಲೆ ಮೇಲೆ ನೋಡುವುದೇ ಇವಳ ಕಸುಬಾಯಿತು.

ಗಂಡನಿಗೆ ಊರೆಲ್ಲ ಉಡ ಎಂದೇ ಹೆಸರು. ಅದು ಬೈಗುಳವಲ್ಲ, ಬಿರುದು. ನುಣುಪು ಮೈಯ ನೀಲಗಿರಿಗೂ ಅವನು ಅಂಟಿಕೊಂಡನೆಂದರೆ ಗಾಳಿ ಬೀಸಲಿ, ಜೇನು ಏಳಲಿ, ಬಿಡುತ್ತಿರಲಿಲ್ಲ. ಒಮ್ಮೆ ಅರ್ಧ ಕಡಿದ ಕೊಂಬೆ ತಿರುಗಿ ಬಂದು ಪಕ್ಕೆಗೆ ಬಡಿದಾಗಲೂ ಉಳಿದರ್ಧ ಕಡಿದು ಮುಗಿಸಿಯೇ ಇಳಿದಿದ್ದ. ಮಾತಿನಲ್ಲೂ ಅದೇ ಪಟ್ಟು. "ಇವನು ಹುಟ್ಟುವಾಗಲೇ ನನ್ನನ್ನ ಸುಲಭಕ್ಕೆ ಬಿಡಲಿಲ್ಲ ಕಣೇ, ಇನ್ನು ಮರ ಬಿಡ್ತಾನಾ?" ಎಂದು ಅವನ ತಾಯಿ ಹೊಸ ಸೊಸೆಗೆ ಮೊದಲ ವಾರವೇ ಎಚ್ಚರಿಕೆ ಕೊಟ್ಟಿದ್ದಳು.

ಅದು ಒಣ ಊರು. ಮಳೆ ದೊಡ್ಡ ಮನೆತನದ ನೆಂಟರ ಹಾಗೆ: ಬರುವುದು ಅಪರೂಪ, ಬಂದರೂ ಕೂರುವುದಿಲ್ಲ. ಅಲ್ಲಿ ಮರಗಳು ಬದುಕುವುದು ಹಟದಿಂದ. ಬೇಸಿಗೆಯಲ್ಲಿ ಎಲೆ ಉದುರಿಸಿ ಸತ್ತಂತೆ ನಟಿಸುತ್ತವೆ, ಆಳಕ್ಕೆ ಬೇರು ಬಿಟ್ಟು ಯಾರಿಗೂ ಕಾಣದ ನೀರು ಕುಡಿಯುತ್ತವೆ. ಅಂಥ ಮರಗಳನ್ನು ಕೊಲ್ಲುವುದು ಬರವಲ್ಲ, ಮನುಷ್ಯರ ಅಕ್ಕರೆ. ಬುಡಕ್ಕೆ ದಿನಾ ನೀರು ಸುರಿದು, ಸುತ್ತ ಹುಲ್ಲು ಹಾಸಿ, ಕಾಂಡಕ್ಕೆ ಮಣ್ಣೇರಿಸಿ ಕೊಲ್ಲುತ್ತಾರೆ.

ಒಂದು ವರ್ಷ ಬಸ್ ನಿಲ್ದಾಣದಲ್ಲಿ ಕೊಂಬೆ ಬಿದ್ದು ಒಬ್ಬರು ಸತ್ತರು. ನಗರಸಭೆ ಎಚ್ಚೆತ್ತಿತು. ಇನ್ನು ಮುಂದೆ ಸಾರ್ವಜನಿಕ ಜಾಗದ ಮರಕ್ಕೆ ಕೈ ಹಾಕುವ ಪ್ರತಿ ತಂಡದಲ್ಲೂ ಮರದ ಆರೈಕೆಯ ಪರೀಕ್ಷೆ ಪಾಸಾದವರೊಬ್ಬರು ಇರಬೇಕು. ಆ ವ್ಯಕ್ತಿ ಮರದ ಬುಡದಲ್ಲಿ ನಿಂತು ಹತ್ತಬಹುದೋ ಬಾರದೋ ಹೇಳಬೇಕು. ಹೇಳಿದ್ದನ್ನು ಹತ್ತುವವನು ಮೀರಬಾರದು. ಉಡನ ತಂಡವೆಂದರೆ ಉಡ, ಹಗ್ಗ ಹಿಡಿಯುವ ಅವನ ತಮ್ಮ, ಇಬ್ಬರು ಕೂಲಿಯವರು, ಒಂದು ಹಳೆಯ ಲಾರಿ. ಸಹಜವಾಗಿ ಉಡನೇ ಪರೀಕ್ಷೆಗೆ ಕೂತ.

ಓದಿ ಹೇಳುವ ಕೆಲಸ ಇವಳದು. ಮದುವೆಗೆ ಮುಂಚೆ ಎರಡು ವರ್ಷ ಕಾಲೇಜಿಗೆ ಹೋಗಿದ್ದಳು, ಸಸಿ ಮಾರುವ ನರ್ಸರಿಯೊಂದರಲ್ಲಿ ಕೆಲಸ ಮಾಡಿದ್ದಳು. ಅಡುಗೆಮನೆಯ ಮೇಜಿನ ಮೇಲೆ ದಪ್ಪ ಪುಸ್ತಕ ತೆರೆದಿಟ್ಟು ತರಕಾರಿ ಹೆಚ್ಚುತ್ತಲೇ ಪ್ರಶ್ನೆ ಕೇಳುತ್ತಿದ್ದಳು.

"ಹಿಮದ ಭಾರಕ್ಕೆ ಬಾಗಿದ ಕೊಂಬೆಯನ್ನ ಏನು ಮಾಡಬೇಕು?"

"ಹಿಮ ಎಲ್ಲಿದೆ ತೋರಿಸು. ಆಮೇಲೆ ಕೊಂಬೆ ನೋಡೋಣ."

"ರೀ, ನಾಲ್ಕು ಉತ್ತರ ಕೊಟ್ಟಿದ್ದಾರೆ. ಒಂದಕ್ಕೆ ಗುರುತು ಹಾಕಿದ್ರೆ ಸಾಕು."

"ಐದನೇದು ಬರ್ಕೋ. ಅಂಥ ಊರಿಗೆ ನಾನು ಹೋಗಲ್ಲ."

ಮೂಲೆಯಿಂದ ಅತ್ತೆ ಸೇರಿಸುತ್ತಿದ್ದಳು, "ನಮ್ಮಲ್ಲಿ ಬೆವರು ಬಿಟ್ರೆ ಮೇಲಿಂದ ಏನೂ ಬೀಳಲ್ಲ ಅಂತ ಬರಿ."

ನಗು ಬರುತ್ತಿತ್ತು. ಎಲ್ಲಕ್ಕೂ ಅಲ್ಲ. ಕೊಂಬೆ ಕಡಿದ ಗಾಯಕ್ಕೆ ಟಾರು ಬಳಿಯಬೇಕೇ ಎಂಬ ಪ್ರಶ್ನೆಗೆ ಅವನು ಪ್ರತಿ ಸಲವೂ ಬಳಿಯಬೇಕು ಎನ್ನುತ್ತಿದ್ದ. ಪುಸ್ತಕ ಬೇಡ ಎನ್ನುತ್ತಿತ್ತು. ಟಾರಿನಡಿ ತೇವ ನಿಲ್ಲುತ್ತದೆ, ಕೊಳೆ ಹಿಡಿಯುತ್ತದೆ. ಕೊಂಬೆ ಕಾಂಡಕ್ಕೆ ಕೂಡುವಲ್ಲಿ ಕೊರಳಿನಂತೆ ಉಬ್ಬಿದ ಭಾಗ ಉಳಿಸಿ ಕಡಿದರೆ ಗಾಯವನ್ನು ಮರವೇ ಮುಚ್ಚಿಕೊಳ್ಳುತ್ತದೆ.

"ನಮ್ಮಪ್ಪ ಬಳೀತಿದ್ದ," ಎಂದ ಉಡ.

"ಮಾವ ಬಳಿದ ಮರಗಳು ಈಗೆಲ್ಲಿವೆ?" ಎಂದು ಕೇಳಿಬಿಟ್ಟಳು.

ಅವನು ಪುಸ್ತಕ ಮುಚ್ಚಿದ. ಆ ದಿನದ ಪಾಠ ಅಲ್ಲಿಗೇ ನಿಂತಿತು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದೇ ಬಂತು, ಅವನು ಬಳಿಯಬೇಕು ಎಂದೇ ಗುರುತು ಹಾಕಿ ಬಂದ. ಅದೊಂದರಿಂದಲ್ಲ, ಅಂಥ ಇನ್ನೂ ಹಲವು ಉತ್ತರಗಳಿಂದ ಫೇಲಾದ. ಮುಂದಿನ ಸಲ ಅತ್ತೆಯೇ ಹೇಳಿದಳು, "ಇಬ್ಬರೂ ಕೂತ್ಕೊಳ್ಳಿ. ಹೇಗೂ ಪ್ರಶ್ನೆ ಓದೋಳು ಇವಳು. ಒಬ್ಬರಾದ್ರೂ ದಡ ಸೇರಲಿ." ಇಬ್ಬರೂ ಕೂತರು. ಇವಳು ಪಾಸಾದಳು.

ಉಡನಿಗೆ ಬೇಸರವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮನೆಗೊಂದು ಸರ್ಟಿಫಿಕೇಟ್ ಬಂತಲ್ಲ ಎಂದು ಬೀದಿಯಲ್ಲೆಲ್ಲ ಸಾರಿಕೊಂಡು ಬಂದ. ಲಾರಿಯ ಪಕ್ಕಕ್ಕೆ ದೊಡ್ಡ ಅಕ್ಷರದಲ್ಲಿ "ಸರ್ಟಿಫಿಕೇಟ್ ಪಡೆದವರಿಂದ ಮರದ ಆರೈಕೆ" ಎಂದು ಬರೆಸಿದ. ಕೆಲಸದ ಜಾಗದಲ್ಲಿ ಹೆಂಡತಿಯನ್ನು ಮೇಡಂ ಎಂದು ಕರೆಯತೊಡಗಿದ. ಆಗ ಅದು ತಮಾಷೆಯಾಗಿತ್ತು. ಗಿರಾಕಿಯೊಬ್ಬ ತನ್ನ ಅಂಗಳದ ಮರದ ತಲೆ ಸಪಾಟಾಗಿ ಕತ್ತರಿಸಿ ಎಂದು ಹಟ ಹಿಡಿದಾಗ, ಇವಳು ಎದುರು ಸಾಲಿನ ಮರ ತೋರಿಸಿದಳು. ಅದರ ತಲೆ ಹಿಂದೆ ಉಡನೇ ಬೋಳಿಸಿದ್ದು. ನೆರಳು ಹೋದ ಮೇಲೆ ಪಡುವಣ ಬಿಸಿಲು ತೊಗಟೆಯನ್ನು ಸುಟ್ಟು ಸೀಳಿತ್ತು, ಸೀಳಿನಲ್ಲಿ ಹುಳು ಮನೆ ಮಾಡಿತ್ತು. ಗಿರಾಕಿ ಉಡನ ಕಡೆ ತಿರುಗಿದ. ಉಡ ಕೈಚೆಲ್ಲಿ ನಕ್ಕ. "ಮೇಡಂ ಬೇಡ ಅಂದ್ರೆ ಮುಗೀತು ಸ್ವಾಮಿ. ನಾನು ಬರೀ ಕೈಕಾಲು, ತಲೆ ಅವರದ್ದು."

ಅಂಥ ದಿನಗಳು ಒಂದೆರಡು ವರ್ಷ ನಡೆದವು. ಅವನು ಮೇಲೆ, ಇವಳು ಕೆಳಗೆ. ಯಾವ ಕೊಂಬೆ, ಎಲ್ಲಿ ಕಡಿತ, ಮೊದಲು ಅಡಿಯಿಂದ ಎಷ್ಟು ಕೊಯ್ಯಬೇಕು ಎಂದು ಇವಳು ಕೂಗುತ್ತಿದ್ದಳು; ಅರ್ಧ ಮಾತಿಗೇ ಅವನ ಗರಗಸ ಆ ಜಾಗಕ್ಕೆ ಹೋಗಿರುತ್ತಿತ್ತು. ಸಂಸಾರದಲ್ಲಿ ಇಲ್ಲದ ಹೊಂದಾಣಿಕೆ ಮರದಲ್ಲಿತ್ತು. ಅದೇ ಮನೆಗೂ ಬಂತು. ಹೇಳಿದ ಮಾತು ನಡೆಯುವುದರಲ್ಲಿ ಒಂದು ರುಚಿಯಿದೆ, ಅದು ಇವಳಿಗೂ ಹತ್ತಿತು. ಅದನ್ನು ತಪ್ಪೆನ್ನಲಾಗದು. ಹೆಂಗಸರಿಗೆ ಆ ರುಚಿ ತಿಳಿಯುವ ಅವಕಾಶ ಕಡಿಮೆ, ಆದ್ದರಿಂದ ಸಿಕ್ಕಾಗ ಎಲ್ಲಿ ನಿಲ್ಲಿಸಬೇಕೆಂಬ ಅಂದಾಜೂ ಕಡಿಮೆ.

ಆಸ್ಪತ್ರೆಯ ಅಂಗಳದಲ್ಲೊಂದು ನೀಲಗಿರಿ ಇತ್ತು. ಊರಿನ ಯಾವ ಮೂಲೆಯಿಂದ ನೋಡಿದರೂ ಅದರ ತಲೆ ಕಾಣುತ್ತಿತ್ತು. ಎರಡು ಭಾರಿ ಕೊಂಬೆಗಳು ಹೊರರೋಗಿಗಳು ಕಾಯುವ ತಗಡಿನ ಚಾವಣಿಯ ಮೇಲೆ ಚಾಚಿದ್ದವು. ಅವನ್ನು ತೆಗೆಯಬೇಕಿತ್ತು. ಉಡ ಆ ಮರವನ್ನು ಹಿಂದೆ ಹಲವು ಸಲ ಹತ್ತಿದ್ದ. ಅದರ ಮೇಲೆ ಅವನಿಗೆ ಒಂದು ಬಗೆಯ ನೆಂಟಸ್ತಿಕೆಯಿತ್ತು.

ಇವಳು ಬುಡ ನೋಡಿದಳು. ಆಸ್ಪತ್ರೆಯವರು ಅಂಗಳ ಚೆಂದ ಮಾಡುತ್ತೇವೆಂದು ಮಣ್ಣು ತುಂಬಿಸಿ ಹುಲ್ಲು ಹಾಸಿದ್ದರು. ತಿರುಗುವ ನಲ್ಲಿಯೊಂದು ಬೆಳಿಗ್ಗೆ ಸಂಜೆ ಕಾಂಡಕ್ಕೇ ನೀರು ಚಿಮ್ಮಿಸುತ್ತಿತ್ತು. ಆರೋಗ್ಯವಾಗಿರುವ ಮರದ ಬುಡ ನೆಲ ಮುಟ್ಟುವಲ್ಲಿ ಆನೆಯ ಪಾದದಂತೆ ಅಗಲವಾಗಬೇಕು. ಇದು ಕಂಬ ಹುಗಿದಂತೆ ನೇರವಾಗಿ ಹುಲ್ಲಿನೊಳಗೆ ಇಳಿದಿತ್ತು. ಇವಳು ಮಂಡಿಯೂರಿ ಕೈ ಗುದ್ದಲಿಯಿಂದ ಮಣ್ಣು ಕೆರೆದಳು. ಒಳಗೆ ತೊಗಟೆ ನೆನೆದ ರಟ್ಟಿನ ಹಾಗಿತ್ತು, ಹುಳಿ ನಾತ. ಎರಡು ಬೇರುಗಳ ನಡುವೆ ಉಕ್ಕಿನ ಸಲಾಕೆ ಒತ್ತಿದರೆ ಹಿಡಿಕೆಯವರೆಗೂ ಹೋಯಿತು. ಗಾಳಿ ಬರುವ ಕಡೆ ಪೈಪಿಗೆಂದು ಅಗೆದ ಕಾಲುವೆ, ಅಲ್ಲಿ ಬೇರುಗಳು ಕತ್ತರಿಸಿ ಹೋಗಿದ್ದವು. ಮರವನ್ನು ಹಿಂದಕ್ಕೆ ಎಳೆದು ಹಿಡಿಯುವ ಬೇರುಗಳು ಅವೇ. ಇನ್ನೊಂದು ಮಗ್ಗುಲಲ್ಲಿ ಆಂಬುಲೆನ್ಸ್ ನಿಂತಿತ್ತು. ಆ ಕಡೆ ಸಲಾಕೆ ಹಾಕಿ ನೋಡಲಿಲ್ಲ. ನೋಡಬೇಕಿತ್ತು, ಗಾಡಿ ತೆಗೆಸಿಯಾದರೂ.

ತಲೆಯೆತ್ತಿದಾಗ ಉಡ ಆಗಲೇ ಆಳುದ್ದ ಮೇಲಿದ್ದ.

"ರೀ, ಇಳೀರಿ."

"ಯಾಕೆ?"

"ಬುಡ ಕೊಳೆತಿದೆ, ಬೇರು ಕಡಿದಿದ್ದಾರೆ. ಈ ಮರ ಹತ್ತೋ ಹಾಗಿಲ್ಲ. ಬುಟ್ಟಿ ಇರೋ ಲಾರಿ ತರಿಸ್ಬೇಕು."

"ಈ ಮರ ನನಗೆ ಗೊತ್ತು ಕಣೇ. ನಮ್ಮ ಮದುವೆಗೆ ಮುಂಚೆಯಿಂದ ಗೊತ್ತು."

ಆಸ್ಪತ್ರೆಯ ಉಸ್ತುವಾರಿ ಬಂದು ನಿಂತಿದ್ದ. ನಗರಸಭೆಯ ತಪಾಸಣೆಯವನೂ ಇದ್ದ. ಚಾವಣಿಯಡಿಯಿಂದ ಎಬ್ಬಿಸಿದ ರೋಗಿಗಳು, ಅವರ ಕಡೆಯವರು, ಬಿಡುವಿದ್ದ ದಾದಿಯರು, ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು. ಇವಳು ದನಿಯೇರಿಸಿ, ಎಲ್ಲರಿಗೂ ಕೇಳುವಂತೆ ಹೇಳಿದಳು, "ಸರ್ಟಿಫಿಕೇಟ್ ನಂದು. ನಾನು ಇಳೀರಿ ಅಂದ್ರೆ ಇಳೀಬೇಕು."

ಉಡ ಇಳಿದ. ಸೊಂಟದ ಪಟ್ಟಿ ಬಿಚ್ಚಿ ಲಾರಿಯ ಕೊಕ್ಕೆಗೆ ತಗುಲಿಸಿ, ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡ.

ಅಷ್ಟಕ್ಕೇ ಮುಗಿದಿದ್ದರೆ ಕಾಲ ಎಲ್ಲವನ್ನೂ ಮುಚ್ಚುತ್ತಿತ್ತೋ ಏನೋ. ಆದರೆ ಉಸ್ತುವಾರಿ ಹೆದರಿದ. "ಅಪಾಯ ಅಂತ ನೀವೇ ಹೇಳಿದ ಮೇಲೆ ನಾನು ಹೇಗಮ್ಮ ಇಟ್ಕೊಳ್ಳಲಿ? ಬುಡಸಮೇತ ತೆಗೆದುಬಿಡಿ," ಎಂದ. ಆಳನ್ನು ಬುಟ್ಟಿಯಲ್ಲಿ ನಿಲ್ಲಿಸಿ ಮೇಲೆತ್ತುವ ಲಾರಿ ಬಂತು. ಮೈದುನ ಅದರಲ್ಲಿ ನಿಂತು ಮೇಲಿನಿಂದ ತುಂಡು ತುಂಡಾಗಿ ಇಳಿಸಿದ. ಕೊನೆಗೆ ಬುಡ ಕೊಯ್ದಾಗ ಎಲ್ಲರೂ ಬಗ್ಗಿ ನೋಡಿದರು. ಒಂದು ಮಗ್ಗುಲಲ್ಲಿ ಅಂಗೈಯಗಲ ಕಪ್ಪು ಕೊಳೆ. ಉಳಿದದ್ದೆಲ್ಲ ಕೆಂಪಗೆ, ಗಟ್ಟಿಯಾಗಿ, ಸಾಣೆ ಹಿಡಿದ ಕಲ್ಲಿನ ಹಾಗೆ ಹೊಳೆಯುತ್ತಿತ್ತು. ಗರಗಸದ ಹಲ್ಲು ಮೊಂಡಾಗಿತ್ತು.

ಉಡ ಲಾರಿಯಿಂದ ಇಳಿದು ಬಂದ. ಕಲ್ಲಂಗಡಿ ಆರಿಸುವವನಂತೆ ಬುಡವನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಹೆಂಡತಿಯ ಕಡೆ ನೋಡಲಿಲ್ಲ. ತಮ್ಮನಿಗೆ ಹೇಳಿದ, "ಕಬ್ಬಿಣ ಕಣೋ."

ಕಾಂಡ ಗಟ್ಟಿಯಿದ್ದ ಮಾತ್ರಕ್ಕೆ ಬೇರು ಗಟ್ಟಿಯಿರಬೇಕೆಂದಿಲ್ಲ. ಇದನ್ನು ಇವಳು ಹೇಳಬಲ್ಲವಳಾಗಿದ್ದಳು, ಕೇಳುವವರು ಇರಲಿಲ್ಲ. ಕೆಲವು ದಿನಗಳ ಮೇಲೆ ಯಂತ್ರ ತಂದು ಬೊಡ್ಡೆ ಕಿತ್ತಾಗ ಇವಳು ಹೋಗಿ ನಿಂತಳು. ಗಾಳಿ ಬರುವ ಕಡೆಯ ಬೇರುಗಳು ಮೊಣಕೈಯುದ್ದಕ್ಕೇ ಮುಗಿದಿದ್ದವು, ತುದಿ ಕೊಳೆತು ಕಪ್ಪಾಗಿತ್ತು. ಇವಳು ಮೈದುನನನ್ನು ಕರೆದು ತೋರಿಸಿದಳು.

"ನೋಡು. ಹಿಡ್ಕೊಳ್ಳೋಕೆ ಈ ಕಡೆ ಏನೂ ಇರಲಿಲ್ಲ."

ಮೈದುನ ಒಳ್ಳೆಯವನು. ನೋಡಿದ, ತಲೆ ತುರಿಸಿಕೊಂಡ. "ಅತ್ತಿಗೆ, ಮರ ಬಿದ್ದಿದ್ರೆ ನೀವು ಗೆದ್ರಿ ಅಂತಿದ್ರು. ಬೀಳಲಿಲ್ಲವಲ್ಲ."

"ಬಿದ್ದಿದ್ರೆ ನಿಮ್ಮಣ್ಣ ಅದರ ಮೇಲಿರ್ತಿದ್ರು."

"ಅದೇ ಮತ್ತೆ. ಅಣ್ಣ ಇದಾನಲ್ಲ, ಅದಕ್ಕೇ ನಿಮ್ಮ ಮಾತು ಸುಳ್ಳಾಯ್ತು."

ಉಡ ಮತ್ತೆ ಮರ ಹತ್ತಲಿಲ್ಲ. ಹತ್ತುವುದಿಲ್ಲ ಎಂದು ಹೇಳಲೂ ಇಲ್ಲ. ಮರುದಿನ ಕೆಲಸದ ಜಾಗದಲ್ಲಿ ಪಟ್ಟಿಯನ್ನು ತಮ್ಮನ ಕೈಗೆ ಕೊಟ್ಟು ತಾನು ಕೊಂಬೆ ಪುಡಿ ಮಾಡುವ ಯಂತ್ರದ ಬಳಿ ನಿಂತ. ಅದರ ಗದ್ದಲದಲ್ಲಿ ಯಾರ ಮಾತೂ ಕೇಳಬೇಕಿರಲಿಲ್ಲ. ಊರು ಇಂಥದ್ದಕ್ಕೆ ಕಾದೇ ಇರುತ್ತದೆ. ಹಲ್ಲಿ ಲೊಚಗುಟ್ಟಿದ್ದಕ್ಕೆ ಉಡ ಇಳಿಯಿತಂತೆ ಎಂಬ ಮಾತು ಚಹಾದಂಗಡಿಯಲ್ಲಿ ಹುಟ್ಟಿ, ಬೇರೆ ತಂಡಗಳವರ ಬಾಯಲ್ಲಿ ಬೆಳೆದು, ಮನೆಯ ಜಗುಲಿಗೂ ಬಂತು. ಲಾರಿ ಹಾದುಹೋದರೆ ಬೀದಿಯಲ್ಲಿ ಯಾರಾದರೊಬ್ಬರು ನಾಲಿಗೆಯಿಂದ ಲೊಚ್ ಲೊಚ್ ಎನ್ನುತ್ತಿದ್ದರು. ಜಗಳಕ್ಕೆ ಹೋಗುವಂಥ ಮಾತೇನಲ್ಲ, ಅದಕ್ಕೇ ಅದು ಒಳಗಿಳಿಯುತ್ತಿತ್ತು.

ಮನೆಯಲ್ಲಿ ಉಡ ತಾಯಿಯ ಮೂಲಕ ಮಾತಾಡತೊಡಗಿದ. "ಅಮ್ಮಾ, ನಾಳೆ ಬೇಗ ಹೊರಡ್ಬೇಕು ಅಂತ ಮೇಡಂಗೆ ಹೇಳು." ಮೇಡಂ ಒಲೆಯ ಮುಂದೆ ಎರಡು ಮಾರು ದೂರದಲ್ಲೇ ಇರುತ್ತಿದ್ದಳು. "ನಾನೇನು ಅಂಚೆಯವಳಾ?" ಎಂದು ಅತ್ತೆ ಗದರುತ್ತಿದ್ದಳು, ಗದರಿ ಹೇಳುತ್ತಿದ್ದಳು. ಇವಳ ಉತ್ತರವೂ ಅದೇ ದಾರಿಯಲ್ಲಿ ಹಿಂತಿರುಗುತ್ತಿತ್ತು. ಒಮ್ಮೊಮ್ಮೆ ಅತ್ತೆ ನಡುವೆ ತನ್ನದೂ ಒಂದು ಮಾತು ಸೇರಿಸಿಬಿಡುತ್ತಿದ್ದಳು.

ಮೊದಮೊದಲು ಇವಳಿಗೆ ಕೋಪವಿತ್ತು. ಕೋಪ ಒಳ್ಳೆಯ ಆಧಾರ, ಒರಗಿ ನಿಲ್ಲಬಹುದು. ತಿಂಗಳುಗಳು ಕಳೆದಂತೆ ಅದೂ ಸವೆಯಿತು. ಅವನ ಅಂಗೈಯ ಜಡ್ಡು ಕಳಚಿತು. ಹೊಟ್ಟೆ ಬಂತು. ತಟ್ಟೆಯಲ್ಲಿ ಊಟ ಉಳಿಯತೊಡಗಿತು. ದಾರಿಯಲ್ಲಿ ಎತ್ತರದ ಮರ ಕಂಡರೆ ಹಿಂದೆ ಅವನ ಕಣ್ಣು ತಾನಾಗಿ ಕಾಂಡದಗುಂಟ ಏರುತ್ತಿತ್ತು, ಮೊದಲ ಹಿಡಿತ ಎಲ್ಲಿ, ಎರಡನೆಯದು ಎಲ್ಲಿ ಎಂದು. ಈಗ ನೆಲ ನೋಡಿಕೊಂಡು ನಡೆಯುತ್ತಿದ್ದ. ರಾತ್ರಿ ಅವನ ಬೆನ್ನನ್ನು ನೋಡುತ್ತ ಇವಳು ಆಸ್ಪತ್ರೆಯ ಅಂಗಳವನ್ನು ಮತ್ತೆ ಮತ್ತೆ ಅಗೆದಳು. ಆ ಗಾಡಿ ತೆಗೆಸಿ ಇನ್ನೊಂದು ಮಗ್ಗುಲನ್ನೂ ನೋಡಿದ್ದರೆ? ತಪಾಸಣೆಯವನು ಅಲ್ಲಿ ನಿಂತಿರದಿದ್ದರೆ ದನಿ ಅಷ್ಟು ಏರುತ್ತಿತ್ತೇ? ಹತ್ತಿರ ಹೋಗಿ ಮೆಲ್ಲಗೆ ಹೇಳಿದ್ದರೆ? ನಿರ್ಧಾರ ಸರಿಯಿತ್ತು. ಅದನ್ನು ಹೇಳಿದವಳಲ್ಲಿ ಎಷ್ಟು ಪಾಲು ತಿಳಿವಳಿಕೆ, ಎಷ್ಟು ಪಾಲು ಮೆರೆದಾಟ ಎಂಬುದನ್ನು ಬಿಡಿಸಿ ನೋಡಲು ಯಾವ ಸಲಾಕೆಯೂ ಇರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಬಟ್ಟೆ ಮಡಿಸುತ್ತ ಮಗನ ಅಂಗಿಯೊಂದನ್ನು ಎತ್ತಿ ಹಿಡಿದಳು. ಭುಜದಲ್ಲಿ ಸಡಿಲ, ನಡುವಿನಲ್ಲಿ ಬಿಗಿ.

"ನೀನು ಅವನ ಜೀವ ಉಳಿಸಿದ್ಯೋ ಇಲ್ವೋ, ನಾನು ಓದಿದವಳಲ್ಲ, ನನಗೆ ಗೊತ್ತಾಗಲ್ಲ," ಎಂದಳು. "ಉಳಿಸಿದ್ದೀ ಅಂತಲೇ ಇಟ್ಕೋ. ಆದ್ರೆ ಉಳಿದಿರೋದು ಏನು ಅಂತ ಒಂದ್ಸಲ ನೋಡು ತಾಯಿ."

"ಹಾಗಂದ್ರೆ ಏನು ಮಾಡ್ಲಿ ಅತ್ತೆ? ಬೀಳೋ ಮರ ಹತ್ತಿಸ್ಲಾ?"

"ನಾನು ಹಾಗೆ ಹೇಳಿದ್ನಾ?" ಎಂದು ಅತ್ತೆ ಅಂಗಿ ಮಡಿಸಿಟ್ಟಳು.

ಮರುವರ್ಷದ ಬೇಸಿಗೆ ಕೆಟ್ಟದಾಗಿತ್ತು. ಗಾಳಿಯಿಲ್ಲದ ಮಧ್ಯಾಹ್ನಗಳಲ್ಲಿ ಹಸಿರು ಎಲೆಯಿದ್ದ ದೊಡ್ಡ ಕೊಂಬೆಗಳೇ ಸದ್ದಿಲ್ಲದೆ ಕಳಚಿ ಬೀಳುತ್ತಿದ್ದವು. ನೀಲಗಿರಿಗೆ ಆ ಚಾಳಿಯಿದೆ. ಶಾಲೆಯೊಂದರ ಹಿಂದಿನ ಓಣಿಯಲ್ಲಿ ಅಂಥದೊಂದು ಮರ, ಪಾಠದ ಕೋಣೆಗಳ ಮೇಲೆ ಬಾಗಿತ್ತು. ರಜೆ ಮುಗಿಯುವುದರೊಳಗೆ ಅದರ ತಲೆಭಾರ ಇಳಿಸಬೇಕಿತ್ತು. ಓಣಿ ಕಿರಿದು, ಬುಟ್ಟಿಯ ಲಾರಿ ಒಳಗೆ ಬರುವಂತಿರಲಿಲ್ಲ. ಹತ್ತಲೇಬೇಕು. ಮೈದುನ ಅದೇ ವಾರ ಹೆಗಲು ಉಳುಕಿಸಿಕೊಂಡು ಕೈಗೆ ಜೋಳಿಗೆ ಕಟ್ಟಿಕೊಂಡಿದ್ದ.

"ಬಿಟ್ಟುಬಿಡೋಣ ಅತ್ತಿಗೆ. ಬೇರೆ ತಂಡ ಮಾಡ್ಕೊಳ್ಳಲಿ," ಎಂದ.

ಕೂಲಿಯವರಿಬ್ಬರೂ ಹಗ್ಗ ಸುತ್ತಿಡತೊಡಗಿದರು. ಆಗ ಲಾರಿಯ ಹಿಂದಿನಿಂದ ಉಡ ಬಂದ. ಪಟ್ಟಿ ಕಟ್ಟಿಕೊಂಡಿದ್ದ. ಹಿಂದೆ ಹಾಕುತ್ತಿದ್ದ ತೂತಿಗೆ ಅದು ಬರದೆ, ತುದಿಯ ತೂತಿಗೆ ಸಿಕ್ಕಿಸಿದ್ದ. ಯಾರ ಮೂಲಕವೂ ಅಲ್ಲದೆ, ನೇರವಾಗಿ ಹೆಂಡತಿಯ ಮುಖ ನೋಡಿ ಹೇಳಿದ.

"ಬುಡ ನೋಡಿ ಹೇಳು."

ಎಷ್ಟೋ ತಿಂಗಳ ಮೇಲೆ ಅವನು ಇವಳಿಗೆಂದೇ ಆಡಿದ ಮೊದಲ ಮಾತು ಅದು. ದನಿಯಲ್ಲಿ ಸವಾಲಿರಲಿಲ್ಲ. ಸವಾಲಿದ್ದಿದ್ದರೆ ಇವಳಿಗೆ ಸುಲಭವಾಗುತ್ತಿತ್ತು. ಬೇಡಿಕೆಯ ಹಾಗಿತ್ತು.

ಇವಳು ಮಂಡಿಯೂರಿದಳು. ಓಣಿಯ ಮೋರಿ ಒಡೆದು ವರ್ಷಗಟ್ಟಲೆ ಬುಡಕ್ಕೇ ಇಂಗಿತ್ತು. ಮಣ್ಣು ಕೆರೆದರೆ ಒಣಗಿದ ಅಣಬೆಗಳು, ಮೆಟ್ಟು ಮೆಟ್ಟಾಗಿ ತೊಗಟೆಗೆ ಅಂಟಿಕೊಂಡು. ಬಡಿಗೆಯಿಂದ ಬಡಿದರೆ ಖಾಲಿ ಡಬ್ಬದ ಸದ್ದು. ಅಷ್ಟೇ ಆಗಿದ್ದರೆ ಇನ್ನೂ ಯೋಚಿಸಬಹುದಿತ್ತು. ಇವಳು ಮರ ಬಾಗಿದ ದಿಕ್ಕಿನ ಎದುರು ಮಗ್ಗುಲಿಗೆ ಹೋದಳು. ಈ ಸಲ ಬಿಡದೆ ಹೋದಳು. ಅಲ್ಲಿ ಬುಡದಿಂದ ಎರಡು ಹೆಜ್ಜೆಯಾಚೆ ನೆಲ ಸ್ವಲ್ಪ ಉಬ್ಬಿತ್ತು. ಉಬ್ಬಿನ ಅಂಚಿಗೆ ಬಿಲ್ಲಿನಂತೆ ಬಾಗಿದ ಒಂದು ಬಿರುಕು, ಬೆರಳು ಹೋಗುವಷ್ಟು. ಅದರ ಅಂಚಿನ ಮಣ್ಣು ಹೊಸದಾಗಿತ್ತು. ಬೇರುಗಳು ಮಣ್ಣಿನ ಹೆಂಟೆಯ ಸಮೇತ ನೆಲದಿಂದ ಏಳುತ್ತಿವೆ ಎಂಬುದರ ಗುರುತು ಅದು. ಪುಸ್ತಕದಲ್ಲಿ ಅದರ ಚಿತ್ರವಿತ್ತು. ಇಂಥ ಮರದ ಹತ್ತಿರ ನಿಲ್ಲಲೂ ಬಾರದು ಎಂದಿತ್ತು.

ಮರದ ಆ ಕಡೆ ಉಡ ಕಾಯುತ್ತಿದ್ದ. ಕಾಂಡ ಅಡ್ಡವಿತ್ತು, ಅವನ ಬೂಟು ಮಾತ್ರ ಕಾಣುತ್ತಿತ್ತು. ಬೂಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ಭಾರ ಬದಲಿಸುತ್ತಿತ್ತು, ಪರೀಕ್ಷೆಯ ಫಲಿತಾಂಶದ ಹಲಗೆಯ ಮುಂದೆ ನಿಂತವನ ಹಾಗೆ.

ಇವಳು ಎದ್ದು ನಿಂತಳು. ಸೀರೆಯ ಮಣ್ಣು ಕೊಡವಿದಳು. ಬಿರುಕಿನ ಮೇಲೆ ಕಾಲಿಟ್ಟು ಒತ್ತಿದಳು. ಹಿಮ್ಮಡಿಯಿಂದ ಮಣ್ಣೆಳೆದು ಮುಚ್ಚಿ ಮತ್ತೊಮ್ಮೆ ತುಳಿದಳು. ಆಮೇಲೆ ಸುತ್ತು ಬಂದು ಗಂಡನ ಎದುರು ನಿಂತು ಹೇಳಿದಳು.

"ಹತ್ತಬಹುದು."

ಮೈದುನ ಇವಳ ಮುಖ ನೋಡಿದ. ಆಮೇಲೆ ಸರಿಯಿದ್ದ ಕೈಯಿಂದ ಹಗ್ಗವೆತ್ತಿ ಅಣ್ಣನಿಗೆ ಕೊಟ್ಟ.

ಉಡ ಹತ್ತಿದ. ಮೊದಲ ಕೆಲವು ಹಿಡಿತಗಳಲ್ಲಿ ಮೈ ತಡವರಿಸಿತು, ಏದುಸಿರು ಕೆಳಕ್ಕೂ ಕೇಳಿಸಿತು. ಆಮೇಲೆ ಮೈಗೆ ಮರೆತದ್ದು ನೆನಪಾಯಿತು. ಅವನು ಕೊಂಬೆಯಿಂದ ಕೊಂಬೆಗೆ ಹೋಗುವುದನ್ನು ನೋಡುತ್ತಿದ್ದರೆ, ಒಂದು ಕೆಲಸಕ್ಕೆಂದೇ ಹುಟ್ಟಿದ ಪ್ರಾಣಿಯನ್ನು ಅದರ ಕಾಡಿಗೆ ಬಿಟ್ಟ ಹಾಗಿತ್ತು. ಒಂದೊಂದು ತುಂಡು ಬಿದ್ದಾಗಲೂ ಬುಡ ಸಣ್ಣಗೆ ನಡುಗುವುದು ಇವಳ ಅಂಗಾಲಿಗೆ ಗೊತ್ತಾಗುತ್ತಿತ್ತು. ಮರ ಬಾಗಿದ ದಿಕ್ಕಿನಲ್ಲಿ, ಬಿದ್ದರೆ ನೇರ ತನ್ನ ಮೇಲೆ ಬೀಳುವಲ್ಲಿ ಹೋಗಿ ನಿಂತಳು. ಅದರಿಂದ ಮರಕ್ಕೆ ಯಾವ ವ್ಯತ್ಯಾಸವೂ ಆಗುವುದಿಲ್ಲ, ಆ ತಿಳಿವಳಿಕೆ ಇವಳಿಗಿತ್ತು. ಕೂಲಿಯವನೊಬ್ಬ "ಅಕ್ಕಾ, ಅಲ್ಲಿಂದ ಈಚೆ ಬನ್ನಿ! ತಲೆ ಮೇಲೇ ಇದೆ!" ಎಂದು ಕೂಗಿದ ಮೇಲೆ ಈಚೆಗೆ ಬಂದಳು.

ಏನೂ ಆಗಲಿಲ್ಲ. ತಲೆಭಾರ ಇಳಿಯಿತು. ಉಡ ಇಳಿದ. ಬೆವರಿನಲ್ಲಿ ಮುಳುಗೆದ್ದವನಂತಿದ್ದ, ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಎಲ್ಲರ ಎದುರಿಗೇ ಆ ಕೈಗಳನ್ನು ಹೆಂಡತಿಗೆ ತೋರಿಸಿದ.

"ನೋಡಿದ್ಯಾ? ಹೆಂಗಸರ ಕೈ ಆಗಿಬಿಟ್ಟಿದೆ. ಮನೆಗೆ ಹೋಗಿ ಎಣ್ಣೆ ಹಚ್ಚು."

ಆ ಸಂಜೆ ಮನೆಯಲ್ಲಿ ಮೂವರೂ ಒಟ್ಟಿಗೆ ಕೂತು ಉಂಡರು. ಉಡ ಎರಡು ಸಲ ಬಡಿಸಿಕೊಂಡ. ಮೇಲಿನಿಂದ ಶಾಲೆಯ ಚಾವಣಿಯ ಮೇಲೆ ಎಷ್ಟೊಂದು ಚೆಂಡುಗಳು ಬಿದ್ದಿದ್ದವೆಂದು ಹೇಳಿ ನಗಿಸಿದ. ಅತ್ತೆ ನಕ್ಕು ಕಣ್ಣೊರೆಸಿಕೊಂಡು, "ಸದ್ಯ, ನನ್ನ ಅಂಚೆ ಕೆಲಸಕ್ಕೆ ರಜಾ ಸಿಕ್ತು," ಎಂದಳು. ಇವಳೂ ನಕ್ಕಳು. ನಗು ಬಂದದ್ದು ಸುಳ್ಳಲ್ಲ. ಕೈಗೆ ಎಣ್ಣೆ ಹಚ್ಚುವಾಗ ಬೊಬ್ಬೆ ಒಡೆಯದಂತೆ ಜಾಗರೂಕಳಾಗಿ ಹಚ್ಚಿದಳು. ಅವನು ಹಾಗೇ ನಿದ್ದೆ ಹೋದ. ಮದುವೆಯಾದ ಮೇಲೆ ಇಷ್ಟು ಗಾಢವಾಗಿ ಅವನು ಮಲಗಿದ್ದನ್ನು ಇವಳು ನೋಡಿರಲಿಲ್ಲ.

ಶಾಲೆಯ ಹಿಂದಿನ ಮರ ಇನ್ನೂ ನಿಂತಿದೆ. ಯಾವತ್ತಾದರೂ ಬೀಳಬಹುದು, ಬೀಳದೆಯೂ ಇರಬಹುದು. ತೆಗೆಸಿರೆಂದು ಹೇಳಲು ಇವಳು ಒಂದೆರಡು ಸಲ ಶಾಲೆಯ ಬಾಗಿಲವರೆಗೆ ಹೋದಳು. ಹೇಳಿದರೆ, ಹಾಗಾದರೆ ಅಂದು ಹತ್ತಿಸಿದ್ದು ಹೇಗೆ ಎಂದು ಕೇಳುತ್ತಾರೆ. ಆ ಪ್ರಶ್ನೆ ಸಂಜೆಯೊಳಗೆ ಮನೆ ಮುಟ್ಟುತ್ತದೆ. ಎರಡು ಸಲವೂ ಬಾಗಿಲಿನಿಂದಲೇ ಹಿಂತಿರುಗಿದಳು. ಮಕ್ಕಳು ಆ ಕೋಣೆಗಳಲ್ಲೇ ಓದುತ್ತಾರೆ. ಗೊತ್ತಿದ್ದೂ ಸುಮ್ಮನಿದ್ದಾಳೆ. ಇದಕ್ಕೆ ಬೇರೆ ಹೆಸರು ಕೊಡುವುದು ಕಷ್ಟ.

ಉಡನಿಗೆ ಮಾತ್ರ ಹಳೆಯ ಹೆಸರು ಮರಳಿತು. ಅಂಗಿ ಮತ್ತೆ ಸರಿಹೊಂದಿತು. ಇನ್ನೊಂದು ಹೊಸ ಪದ್ಧತಿಯೂ ಹುಟ್ಟಿತು. ಪ್ರತಿ ಮರದ ಬುಡದಲ್ಲೂ, ಜನ ಎಷ್ಟೇ ಇರಲಿ, ಅವನು ಗಟ್ಟಿದನಿಯಲ್ಲಿ ಹೆಂಡತಿಯನ್ನು ಕೇಳುತ್ತಾನೆ: "ಏನಮ್ಮಾ, ಹತ್ತಲಾ?" ಅಷ್ಟು ದಿನ ನೋಯಿಸಿದ್ದಕ್ಕೆ ತನ್ನ ಕಡೆಯ ತಪ್ಪೊಪ್ಪಿಗೆಯೆಂದೇ ಅವನು ಅದನ್ನು ತಿಳಿದಿದ್ದಾನೆ. ಮರ್ಯಾದೆ ಕೊಡುತ್ತಿದ್ದೇನೆ ಎಂಬ ಹೆಮ್ಮೆ ಮುಖದಲ್ಲಿ ಕಾಣುತ್ತದೆ. ನೋಡಿದವರು ಮೆಚ್ಚುತ್ತಾರೆ. ಹೊಸಬರಿಗೆ ತರಬೇತಿ ಕೊಡುವವರು ಒಮ್ಮೆ ಈ ಜೋಡಿಯನ್ನು ಕರೆಸಿ ಸಾಲಾಗಿ ಕೂತವರ ಮುಂದೆ ನಿಲ್ಲಿಸಿದರು. ಹತ್ತುವವನು ನೆಲದಲ್ಲಿರುವವರ ಮಾತಿಗೆ ಹೇಗೆ ಕಾಯಬೇಕು ನೋಡಿ ಕಲಿಯಿರಿ, ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್ಟಿಫಿಕೇಟ್ ನವೀಕರಿಸುವ ಪರೀಕ್ಷೆಯಲ್ಲೂ ಇವಳು ಒಳ್ಳೆಯ ಅಂಕ ತೆಗೆದಳು. ಎದ್ದ ನೆಲ, ಬಿಲ್ಲಿನಂಥ ಬಿರುಕು, ಅದರ ಅರ್ಥ, ಎಲ್ಲಕ್ಕೂ ಸರಿಯುತ್ತರವನ್ನೇ ಗುರುತಿಸಿದಳು.

ಕೆಲಸದ ಜಾಗದಲ್ಲಿ ಈಗಲೂ ಮಂಡಿಯೂರಿ ಮಣ್ಣು ಕೆರೆಯುತ್ತಾಳೆ, ನಾಲ್ಕು ಜನ ನೋಡುತ್ತಿರುತ್ತಾರಲ್ಲ. ಕಣ್ಣು ಮಾತ್ರ ಬೇರೆಲ್ಲೋ ಇರುತ್ತದೆ. ಕಂಡರೆ ಹೇಳಬೇಕಾಗುತ್ತದೆ, ಹೇಳಿದರೆ ಅವನು ಇಳಿಯಬೇಕಾಗುತ್ತದೆ. ಆಮೇಲೆ ಎದ್ದು, ಕೈ ಕೊಡವಿ, ಅವನ ಪ್ರಶ್ನೆಗೆ "ಹತ್ತಿ" ಎನ್ನುತ್ತಾಳೆ. ಅವನು ಆ ಪ್ರಶ್ನೆ ಕೇಳುವಷ್ಟರಲ್ಲಿ ಒಂದು ಕಾಲು ಆಗಲೇ ಮರದ ಮೇಲಿರುತ್ತದೆ.